ಶಾಲುಶಾಸ್ತ್ರ ಪ್ರವೇಶಿಕೆ

ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕರನ್ನು ಗುರುತಿಸಿ ಗೌರವಿಸುವ ವಿಧಿಗಳನ್ನು ನಿರೂಪಿಸುವ ಶಾಸ್ತ್ರಕ್ಕೆ ಶಾಲುಶಾಸ್ತ್ರವೆಂದು ಹೆಸರು. ಗುರುತಿಸುವುದೆಂದರೆ ಇಲ್ಲಿ ವೇದಿಕೆಗೆ ಕರೆಯುವುದೇ ಹೊರತು, ಕಾರಿಡಾರಿನಲ್ಲಿ ಎದುರಾದಾಗ ಹೆಸರು ಹಿಡಿದು ಮಾತನಾಡಿಸುವುದಲ್ಲ.

ಈ ಶಾಸ್ತ್ರದ ಆದಿಯುಗದಲ್ಲಿ ನಿಯಮಗಳಿರಲಿಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ಸರ್ವಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ರೈಲು ನಿಲ್ದಾಣದವರೆಗೆ ತಾವೇ ಎಳೆದೊಯ್ದರು. ಸುತ್ತೋಲೆ ಹೊರಡಿಸದೆ, ಮೂರು ಕೊಟೇಷನ್ ಕರೆಯದೆ ನಡೆದ ಈ ಕಾರ್ಯವನ್ನು ಶಾಸ್ತ್ರಕಾರರು ‘ಅನಧಿಕೃತ ಗೌರವ’ವೆಂಬ ವರ್ಗಕ್ಕೆ ತಳ್ಳಿದ್ದರೂ, ಅಧ್ಯಾಪಕನು ಊರು ಬಿಡುವಾಗಲೇ ಅವನ ಗುಣಗಳು ಕಣ್ಣಿಗೆ ಬೀಳುತ್ತವೆಂಬ ಮೂಲಸೂತ್ರವನ್ನು ಇದರಿಂದಲೇ ಪಡೆದು, ನಿವೃತ್ತಿಯ ದಿನಕ್ಕೆ ಮೊದಲು ಯಾರನ್ನೂ ಅವಸರದಿಂದ ಹೊಗಳದಿರುವ ಸಂಪ್ರದಾಯವನ್ನು ನೆಲೆಗೊಳಿಸಿದ್ದಾರೆ.

1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ‘ಸಂಭಾವನೆ’ ಎಂಬ ಗ್ರಂಥ ಅರ್ಪಿತವಾದ ಮೇಲೆ ಕನ್ನಡದಲ್ಲಿ ಬೇರೂರಿದ ಅಭಿನಂದನ ಗ್ರಂಥದ ಪದ್ಧತಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಾವಳಿಯು ಹೊಸ ಚೈತನ್ಯ ನೀಡಿತು. ಎಪಿಐ, ಅಂದರೆ ಅಧ್ಯಾಪಕನ ಪಾಠ, ಸಂಶೋಧನೆ, ಓಡಾಟಗಳನ್ನೆಲ್ಲ ಅಂಕಗಳಾಗಿಸಿ ಕೂಡುವ ಸೂಚ್ಯಂಕವು, ಸಂಪಾದಿತ ಗ್ರಂಥದ ಲೇಖನಕ್ಕೂ ಅಂಕ ದಯಪಾಲಿಸಿದ್ದರಿಂದ ಗುರುಭಕ್ತಿಯೂ ಬಡ್ತಿಯೂ ಒಂದೇ ಐಎಸ್‌ಬಿಎನ್ ಸಂಖ್ಯೆಯಡಿ ಸಂಧಿಸಿದವು.

ಆದರೂ ಶಾಲಿಗೆ ಶಾಲೇ ಸಾಟಿ. ಅಧ್ಯಾಪಕನನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿ, ಎಲ್ಲ ತಲೆಗಳಿಗೂ ಒಂದೇ ಅಳತೆಯೆಂದು ತರಿಸಿದ ಮೈಸೂರು ಪೇಟವನ್ನು ತೊಡಿಸಿದಾಗ ಅದು ಕನ್ನಡಕದವರೆಗೆ ಇಳಿಯುತ್ತದೆ. ಕೊರಳಿಗೆ ಹಾವೇರಿಯ ಏಲಕ್ಕಿ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಬಂದು ಕೂತ ಮೇಲೆ ಪೇಟವನ್ನು ಸರಿಪಡಿಸಲು ಅವನಿಗೆ ಕೈಗಳೇ ಉಳಿಯುವುದಿಲ್ಲ. ಫೋಟೋಗ್ರಾಫರ್ ‘ಸಾರ್, ಈ ಕಡೆ’ ಎನ್ನುವವರೆಗೆ ಕುಲಪತಿಗಳು ಶಾಲಿನ ತುದಿಯನ್ನು ಬಿಡತಕ್ಕದ್ದಲ್ಲ. ಫೋಟೋ ಸರಿಯಾಗಿ ಬಾರದಿದ್ದಲ್ಲಿ ಅದೇ ಶಾಲನ್ನು ತೆಗೆದು, ಮಡಿಸಿ, ಮತ್ತೊಮ್ಮೆ ಹೊದಿಸತಕ್ಕದ್ದು. ಮನೆ ಸೇರಿದ ಶಾಲು ಬೀರುವಿನಲ್ಲಿ ಕೆಲಕಾಲ ತಂಗಿ, ಯಾರದೋ ಗೃಹಪ್ರವೇಶಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ವಿಭಾಗದ ಬೀಳ್ಕೊಡುಗೆಗೆ ಮರಳುವುದನ್ನು ‘ಶಾಲುಪರಿಭ್ರಮಣ’ವೆನ್ನುತ್ತಾರೆ; ಬೆಲೆಚೀಟಿಯನ್ನು ಕೀಳದೆ ಬಿಟ್ಟ ಶಾಲುಗಳ ಮೂಲಸ್ಥಾನವನ್ನು ಮಾತ್ರ ಖಚಿತವಾಗಿ ನಿರ್ಧರಿಸಬಹುದು.

ಶಾಸ್ತ್ರವು ಇನ್ನೂ ಬಿಡಿಸಲಾರದೆ ಉಳಿದಿರುವ ಗಂಟೆಂದರೆ ಅತಿಥಿ ಉಪನ್ಯಾಸಕ. ಇವನು ಖಾಯಂ ಹುದ್ದೆಗಳು ಖಾಲಿಯಿರುವಲ್ಲಿ ತರಗತಿಗಳನ್ನು ನಿಭಾಯಿಸುವವನು, ರಜೆ ಬಂದೊಡನೆ ಅಸ್ತಿತ್ವವನ್ನೇ ಕಳೆದುಕೊಳ್ಳುವವನು. 2019ರಲ್ಲಿ ಯುಜಿಸಿ ಇಂಥವರಿಗೆ ತರಗತಿಯೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಗೌರವಧನ ಗೊತ್ತುಪಡಿಸಿತು. ಆದರೆ ಆಯೋಗವು ಬರೆದ ಅಂಕಿಯು ಎಲ್ಲ ಕ್ಯಾಷ್ ಕೌಂಟರುಗಳನ್ನೂ ತಲುಪಲೇಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯಲ್ಲಿ ಇವನೂ ವೇದಿಕೆ ಹತ್ತುತ್ತಾನೆ: ನಿರೂಪಣೆ ಇವನದೇ, ಸನ್ಮಾನಪತ್ರ ಬರೆದವನೂ ಇವನೇ, ಅದನ್ನು ಗಟ್ಟಿಯಾಗಿ ಓದುವವನೂ ಇವನೇ. ಹೀಗೆ ಗೌರವದ ಅತ್ಯಂತ ಸಮೀಪದಲ್ಲಿ ನಿಂತವನಿಗೆ ಪ್ರತ್ಯೇಕ ಗೌರವವು ಪುನರುಕ್ತಿದೋಷವಾಗುತ್ತದೆಂಬುದು ಬಹುಮತದ ಅಭಿಪ್ರಾಯ. ಬಾಕಿ ಗೌರವಧನದ ಬಗೆಗೆ ಇವನು ಸಲ್ಲಿಸಿದ ಮನವಿಯನ್ನು ಸಂಬಂಧಪಟ್ಟ ಕಡತದಲ್ಲಿ ಸೇರಿಸಲಾಗಿದ್ದು, ಶಾಲುಗಳ ಬಿಲ್ಲು ಪಾಸಾದ ನಂತರ ನಿಯಮಾನುಸಾರ ಪರಿಶೀಲಿಸಲಾಗುವುದು.