ಮೆಶ್ ಮೇಷ್ಟ್ರು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೇ ಮನೆಗಳಲ್ಲಿ ಮೆಶ್ ಮೇಷ್ಟ್ರು ಎಂಬ ತಳಿ ಇನ್ನೂ ಉಳಿದಿದೆ. ಎಚ್‌ಎಎಲ್ಲೋ ಎನ್‌ಎಎಲ್ಲೋ, ಎಲ್ಲಿಂದಲೋ ನಿವೃತ್ತರು. ತಲೆಗೆ ಮಂಕಿ ಕ್ಯಾಪು, ಸೊಂಟಕ್ಕೆ ಪಂಚೆ, ತೊಡೆಯ ಮೇಲೆ ಮಗ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪು. ಜೊತೆಗೆ ಬಂದ ಮೌಸು ಡಬ್ಬದಿಂದ ಆಚೆಗೇ ಬಂದಿಲ್ಲ. ಪ್ರಾಜೆಕ್ಟಿಗೆ ಸಲಹೆ ಕೇಳಲು ಬಂದ ಬಿಎಂಎಸ್ ಕಾಲೇಜಿನ ಹುಡುಗ ಸಾಫ್ಟ್‌ವೇರ್ ತೆರೆದು ಚಿತ್ರ ಎಳೆಯಲು ಹೊರಟರೆ, "ಮೊದ್ಲು ಕಾಗದದ ಮೇಲೆ ಬರಿಯಪ್ಪಾ, ಆಮೇಲೆ ಟೈಪ್ ಮಾಡು" ಎನ್ನುತ್ತಾರೆ. ಕಾಗದವೆಂದರೆ ಯಾರದೋ ಲಗ್ನಪತ್ರಿಕೆಯ ಹಿಂಬದಿ. ಅಡುಗೆಮನೆ ಕಿಟಕಿಯ ಸೊಳ್ಳೆ ಮೆಶ್ ಹರಿದು ವರ್ಷವಾದರೂ ಅದಕ್ಕೆ ಬಿಡುವಿಲ್ಲ. ಪರದೆಯ ಮೇಲಿನ ಮೆಶ್‌ಗೆ ಮಾತ್ರ ದಿನಾ ಹೊಸ ತ್ರಿಕೋನಗಳು. ನಗುವವರು ನಗಲಿ. ಈ ಹಠಕ್ಕೆ ವಯಸ್ಸು ಕಾರಣವಲ್ಲ, ಲೆಕ್ಕದ ಶಿಸ್ತು ಕಾರಣ ಎಂಬುದು ನನ್ನ ವಾದ.

ಒಂದು ಆಕಾರದೊಳಗಿನ ಒತ್ತಡವನ್ನೋ ಶಾಖವನ್ನೋ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಬೇಕಾದರೆ ಮೊದಲು ಅದನ್ನು ಚೂರುಚೂರಾಗಿ ಒಡೆಯಬೇಕು. ಆ ಚೂರುಗಳ ಬಲೆಯೇ ಮೆಶ್. ಒಡೆಯುವ ಬಗೆ ಎರಡು. ಮೊದಲನೆಯದು ಮಲ್ಲೇಶ್ವರದ ಹಾಗೆ: ಎಂಟನೇ ಮೇನ್, ಹದಿನೈದನೇ ಕ್ರಾಸ್ ಎಂದರೆ ಮುಗಿಯಿತು. ಮುಂದಿನದು ಹದಿನಾರನೇ ಕ್ರಾಸೆಂದು ಯಾರನ್ನೂ ಕೇಳಬೇಕಿಲ್ಲ. ಹಳೇ ಊರಿನ ಮಾಮೂಲ್‌ಪೇಟೆಯಲ್ಲಾದರೆ ಯಾವ ಅಂಗಡಿಯ ಪಕ್ಕ ಯಾವ ಅಂಗಡಿ ಎಂಬುದನ್ನು ಅಲ್ಲಿಯವರೇ ಹೇಳಬೇಕು. ಎರಡನೆಯ ಬಗೆಯ ಮೆಶ್‌ನಲ್ಲೂ ಹಾಗೆಯೇ, ಪ್ರತಿ ತ್ರಿಕೋನದ ಮೂರು ಮೂಲೆಗಳು ಯಾವುವೆಂದು ಪಟ್ಟಿ ಇಡಬೇಕಾಗುತ್ತದೆ. ಪಟ್ಟಿಯ ಕಾಟವಿದ್ದರೂ ಅನುಕೂಲ ದೊಡ್ಡದು: ಸೂಕ್ಷ್ಮ ಜಾಗದಲ್ಲಿ ಸಣ್ಣ ತ್ರಿಕೋನ, ಉಳಿದೆಡೆ ದೊಡ್ಡದು. ನೇರ ರಸ್ತೆಯ ಬಡಾವಣೆಯಲ್ಲಿ ಕೂತ ನಮ್ಮ ಮೇಷ್ಟ್ರು ಮಾಡುವುದೆಲ್ಲ ಪೇಟೆಯ ಮಾದರಿಯದೇ.

ನಡುವೆ ತೂತಿರುವ ಚೌಕದ ತಗಡನ್ನೇ ನೋಡಿ. ಗ್ಯೂಜೇನ್ ಮತ್ತು ರೆಮಾಕ್ಲ್ ಬರೆದ ಜಿಮೆಶ್ ಎಂಬ ಉಚಿತ ತಂತ್ರಾಂಶಕ್ಕೆ ಇದನ್ನು ಅಕ್ಷರದಲ್ಲೇ ಹೇಳಬಹುದು. ಚೌಕಕ್ಕೆ ನಾಲ್ಕು ಬಿಂದು, ತೂತಿನ ಅಂಚಿಗೆ ನಾಲ್ಕು, ಅದರ ಕೇಂದ್ರಕ್ಕೊಂದು. ಅದರ ಮಾಮೂಲಿ ಜ್ಯಾಮಿತಿಯಲ್ಲಿ ಒಂದೇ ಕಮಾನಿನಲ್ಲಿ ಪೂರ್ತಿ ಸುತ್ತು ಬರಲಾಗುವುದಿಲ್ಲ, ಕಮಾನು 180 ಡಿಗ್ರಿಯೊಳಗೇ ಇರಬೇಕು. ಹಾಗಾಗಿ ನಾಲ್ಕು ಕಾಲು-ಸುತ್ತುಗಳು. ಆಮೇಲೆ ಫೈಲಿನ ಹೆಸರಿನ ಮುಂದೆ ಅಡ್ಡಗೆರೆ ಹಾಕಿ 2 ಎಂದು ಒತ್ತಿದರೆ ತ್ರಿಕೋನಗಳು ಸಿದ್ಧ. ಅರ್ಧ ಗಂಟೆ ಟೈಪು ಮಾಡುವ ಹೊತ್ತಿಗೆ ಮೌಸಿನ ಹುಡುಗ ಕೆಲಸ ಮುಗಿಸಿ ಕಾಫಿ ಕುಡಿದಿರುತ್ತಾನೆ ನಿಜ. ಆದರೆ ತ್ರಿಕೋನದ ಅಳತೆಯನ್ನು ಅರ್ಧಕ್ಕಿಳಿಸಿ ಮತ್ತೆ ಮಾಡು ಎಂದಾಗ ಅವನು ತಾನು ಎಲ್ಲೆಲ್ಲಿ ಕ್ಲಿಕ್ ಮಾಡಿದ್ದೆ ಎಂದು ತಲೆ ಕೆರೆದುಕೊಳ್ಳುತ್ತಾನೆ. ಮೇಷ್ಟ್ರು ಒಂದು ಸಂಖ್ಯೆ ಬದಲಿಸುತ್ತಾರೆ, ಅಷ್ಟೆ. ತ್ರಿಕೋನಗಳು ಸುಮಾರು ನಾಲ್ಕು ಪಟ್ಟಾಗುತ್ತವೆ. ಘನಾಕೃತಿಯಾದರೆ ಚೂರುಗಳು ಎಂಟು ಪಟ್ಟು.

ಇಂಥ ತಗಡು-ತೂತು ಯಾರಿಗೆ ಬೇಕು, ಜಗತ್ತಿಗೆ ಬೇಕಿರುವುದು ವಿಮಾನದ ರೆಕ್ಕೆ ಎನ್ನುವವರಿದ್ದಾರೆ. ನೂರಾರು ಬಾಗಿದ ಮೈಗಳ ರೆಕ್ಕೆಯನ್ನು ಕೈಯಿಂದ ಟೈಪು ಮಾಡುವುದು ಹುಚ್ಚೇ ಸರಿ, ಒಪ್ಪುತ್ತೇನೆ. ಆದರೆ ರೆಕ್ಕೆಯ ಸರಿಯುತ್ತರ ಮೊದಲೇ ಗೊತ್ತಿರುವುದಿಲ್ಲ, ತಗಡಿನದು ಗೊತ್ತಿದೆ. 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂದು ಪೇಟೆಯ ಜನ ಈ ಬಡಾವಣೆಗಳತ್ತ ಮುಖ ಮಾಡಿದ ವರ್ಷವೇ, ಜರ್ಮನಿಯ ಕಿರ್ಶ್ ಇದನ್ನು ಲೆಕ್ಕ ಹಾಕಿಟ್ಟ: ವಿಶಾಲ ತಗಡನ್ನು ಒಂದೇ ದಿಕ್ಕಿನಲ್ಲಿ ಎಳೆದರೆ ಸಣ್ಣ ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ತೂತಿನ ಸುತ್ತ ತ್ರಿಕೋನಗಳು ಒರಟಾಗಿದ್ದರೆ ಕಂಪ್ಯೂಟರ್ ಸಾಮಾನ್ಯವಾಗಿ ಕಡಿಮೆ ಹೇಳುತ್ತದೆ. ಸಣ್ಣದಾಗಿಸುತ್ತ ಹೋದಂತೆ ಮೂರರತ್ತ ಸರಿಯಬೇಕು. ಸರಿಯದಿದ್ದರೆ ತಪ್ಪು ನಮ್ಮದೇ. ತಗಡಿನಲ್ಲೇ ಎಡವುವವನ ರೆಕ್ಕೆಯನ್ನು ನಂಬಿ ವಿಮಾನ ಹತ್ತುವ ಧೈರ್ಯ ನನಗಂತೂ ಇಲ್ಲ.

ಟೈಪು ಮಾಡುವ ಆಜ್ಞೆಯ ದಾರಿಯಲ್ಲೂ ಮುಳ್ಳಿದೆ. ಶ್ಯೂಚಕ್ ಬರೆದ ಟ್ರಯಾಂಗಲ್ ಎಂಬ ಮೆಶ್ ತಂತ್ರಾಂಶಕ್ಕೆ, ಯಾವ ತ್ರಿಕೋನದ ಮೂಲೆಯೂ ಇಷ್ಟಕ್ಕಿಂತ ಚೂಪಾಗಬಾರದೆಂದು ಆಜ್ಞಾಪಿಸಬಹುದು. ಸಂಖ್ಯೆ ಹೇಳದಿದ್ದರೆ 20 ಡಿಗ್ರಿ, 30 ಕೇಳಿದರೂ ಸಾಮಾನ್ಯವಾಗಿ ಕೊಡುತ್ತದೆ, ದುರಾಸೆಯಿಂದ 35 ಕೇಳಿದರೆ ಬಿಂದುಗಳನ್ನು ಸೇರಿಸುತ್ತಲೇ ಹೋಗಿ ಮುಗಿಯದೇ ಉಳಿದೀತು. ಇನ್ನು ಮೇಷ್ಟ್ರ ವಿರುದ್ಧ ನಿಜಕ್ಕೂ ನಿಲ್ಲುವ ಆಕ್ಷೇಪ ಒಂದೇ. ಬರೆದಿಟ್ಟ ಆಜ್ಞೆ ಹುಡುಕಿದರೆ ಸಿಗಬೇಕಲ್ಲ? ಅವರ ಫೋಲ್ಡರಿನಲ್ಲಿ ತೂತು, ಹೊಸ ತೂತು, ಕೊನೇ ತೂತು, ನಿಜವಾದ ಕೊನೇ ತೂತು ಎಂಬ ಫೈಲುಗಳಿವೆ. ತಿದ್ದಿದ್ದರ ಲೆಕ್ಕ ಇಡೋಕೆ ಗಿಟ್ ಇದೆ ತಾತ ಎಂದು ಮೊಮ್ಮಗಳು ಹೇಳಿದರೆ, ತಮ್ಮದೂ ವ್ಯವಸ್ಥೆಯೇ ಎಂದು ಫೈಲು ತೆರೆದು ಮೊದಲ ಸಾಲು ತೋರಿಸುತ್ತಾರೆ: ಗುರುವಾರ, ರಾಹುಕಾಲ ಕಳೆದ ಮೇಲೆ ತಿದ್ದಿದ್ದು.