ಅಕ್ಕಿಗೆ ದುಡ್ಡುಂಟು, ಒಲೆಗೆ ಇಲ್ಲ

ಅರ್ಜಿ ತಿರುಗಿ ಬಂತು. ಅಂಚಿನಲ್ಲಿ ಕೆಂಪಕ್ಷರ: "ಅಡುಗೆಯವರ ಸಂಬಳ ಯಾಕೆ?"

ಮೂವತ್ತೆರಡು ಮಕ್ಕಳ ಊಟಕ್ಕೆ ಕಂಪನಿಯವರು ಒಪ್ಪಿದ್ದಾರೆ. ಅಕ್ಕಿಗೆ ಒಪ್ಪಿಗೆ. ಬೇಳೆಗೆ ಒಪ್ಪಿಗೆ. ಮೊಟ್ಟೆಗಂತೂ ಸಂತೋಷದ ಒಪ್ಪಿಗೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಬೇಯಿಸುವ ಹೆಂಗಸಿಗೆ ಮಾತ್ರ ಇಲ್ಲ. ಅದು 'ಓವರ್‌ಹೆಡ್' ಅಂತೆ, ಆಡಳಿತ ವೆಚ್ಚ. ಅಕ್ಕಿ ತಾನೇ ತೊಳೆದುಕೊಂಡು, ತಾನೇ ಒಲೆ ಹತ್ತಿ, ತಾನೇ ತಟ್ಟೆಗೆ ಇಳಿಯಬೇಕು.

ನಾನು ಒಂದು ಸಣ್ಣ ಮಕ್ಕಳ ಮನೆಯ ಸಮಿತಿಯಲ್ಲಿದ್ದೇನೆ. ಬಿಟ್ಟಿ ಚಾಕರಿ. ವರ್ಷಕ್ಕೊಮ್ಮೆ ಎಲ್ಲರೂ ಕೂತು ಬಜೆಟ್ ಬರೆಯುತ್ತೇವೆ. ಲೆಕ್ಕ ಎನ್ನುತ್ತಾರೆ ಅದಕ್ಕೆ. ನನ್ನ ಪ್ರಕಾರ ಕಾದಂಬರಿ.

ಪಾತ್ರಗಳ ಹೆಸರು ಬದಲಿಸುವುದೇ ಮೊದಲ ಕೆಲಸ. ಅಡುಗೆಯವಳು 'ಪೌಷ್ಟಿಕತಾ ಸಂಯೋಜಕಿ' ಆಗುತ್ತಾಳೆ. ರಾತ್ರಿ ಕಾವಲಿನ ಅಜ್ಜ 'ಮಕ್ಕಳ ಸುರಕ್ಷತಾ ಅಧಿಕಾರಿ'. ಲೆಕ್ಕ ಬರೆಯುವ ಹುಡುಗಿ ಒಂದು ಪ್ರಾಜೆಕ್ಟಿನಲ್ಲಿ 'ದಾಖಲೀಕರಣ', ಇನ್ನೊಂದರಲ್ಲಿ 'ಮೌಲ್ಯಮಾಪನ'. ಬಾಡಿಗೆಯನ್ನು ಮೂರು ತುಂಡು ಮಾಡಿ ಮೂವರು ದಾನಿಗಳ ಹಾಳೆಯಲ್ಲಿ ಬಚ್ಚಿಡುತ್ತೇವೆ. ಕದ್ದ ಮಾಲನ್ನು ಬಚ್ಚಿಟ್ಟ ಹಾಗೆ. ಯಾರೂ ಏನೂ ಕದ್ದಿಲ್ಲ. ಆದರೂ ಬೆವರುತ್ತೇವೆ.

ಅಜ್ಜನಿಗೆ ಅವನ ಹೊಸ ಹುದ್ದೆ ಗೊತ್ತಿಲ್ಲ. ಗೊತ್ತಾದರೆ ಸಂಬಳ ಹೆಚ್ಚು ಕೇಳಿಯಾನು.

ಎದುರು ಕೂತ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಅಧಿಕಾರಿಗೂ ಇದೆಲ್ಲ ಗೊತ್ತು. ನಮಗೆ ಗೊತ್ತಿದೆ ಎಂದು ಅವರಿಗೆ ಗೊತ್ತು. "ಸರ್, ಸಂಬಳ ಅಂತ ಬರೀಬೇಡಿ, ಬೇರೆ ಏನಾದ್ರೂ ಬರೀರಿ" ಎಂದು ಹೇಳಿಕೊಟ್ಟವರೇ ಅವರು. ಅರ್ಜಿಯ ಕೊನೆಯ ಪುಟದಲ್ಲಿ ಪಾರದರ್ಶಕತೆಯ ಬಗ್ಗೆ ಒಂದು ಪ್ರಶ್ನೆ ಇದೆ. 200 ಪದ ಮೀರದಂತೆ ಉತ್ತರಿಸಬೇಕು.

"ನಾವೇನು ಮಾಡೋಣ, ಕಾನೂನು ಶೇ. 5 ಅಂತ ಹೇಳಿದೆ" ಎನ್ನುತ್ತಾರೆ. ಹೇಳಿದೆ, ನಿಜ. ಯಾರಿಗೆ ಹೇಳಿದೆ? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ಖರ್ಚಿನಲ್ಲಿ ಕಂಪನಿ ತನ್ನ ಸ್ವಂತ ಆಡಳಿತಕ್ಕೆ ಶೇ. 5ಕ್ಕಿಂತ ಹೆಚ್ಚು ತೋರಿಸುವಂತಿಲ್ಲ. ಕಂಪನಿ ತನ್ನ ಆಡಳಿತಕ್ಕೆ. ಹಣ ಪಡೆದ ಸಂಸ್ಥೆಯ ಆಡಳಿತ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು 2021ರ ಆಗಸ್ಟಿನಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯವೇ ಸುತ್ತೋಲೆಯಲ್ಲಿ ಬಿಡಿಸಿ ಹೇಳಿತು. ತಮ್ಮ ಕಾಲಿಗೆ ಹಾಕಿದ ಬೇಡಿಯನ್ನು ಬಿಚ್ಚಿ ನಮ್ಮ ಕಾಲಿಗೆ ತೊಡಿಸಿದವರು ಸುತ್ತೋಲೆ ಓದಿಲ್ಲ. ಓದಲು ಅವರಲ್ಲೂ ಸಿಬ್ಬಂದಿ ಸಾಲದೇನೋ, ಪಾಪ.

ಇನ್ನೂ ಇದೆ. ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಅದಕ್ಕೂ ಹೆಚ್ಚು ಸಿಎಸ್‌ಆರ್ ಹೊಣೆ ಇರುವ ಕಂಪನಿ ತನ್ನ ದೊಡ್ಡ ಯೋಜನೆಗಳ 'ಪರಿಣಾಮ'ವನ್ನು ಹೊರಗಿನವರಿಂದ ಅಳೆಯಿಸಬೇಕು. ಅಳತೆಗಾರರ ಬಿಲ್ಲನ್ನು ಸಮಾಜಸೇವೆಯ ಲೆಕ್ಕಕ್ಕೇ ಬರೆದುಕೊಳ್ಳಬಹುದು: ಒಟ್ಟು ಖರ್ಚಿನ ಶೇ. 2 ಅಥವಾ 50 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅಲ್ಲಿಯವರೆಗೆ. ಊಟ ಹಾಕುವುದು ಓವರ್‌ಹೆಡ್. ಮಗು ಎಷ್ಟು ಉಂಡಿತು ಎಂದು ಅಳೆಯುವುದು ಸೇವೆ.

ವಿದೇಶಿ ದುಡ್ಡಿನ ಕಥೆ ಕೇಳುವಿರಾ? 2020ರವರೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ಬಂದ ಹಣದಲ್ಲಿ ಶೇ. 50ರವರೆಗೆ ಆಡಳಿತಕ್ಕೆ ಬಳಸಬಹುದಿತ್ತು. ಆ ವರ್ಷದ ತಿದ್ದುಪಡಿ ಅದನ್ನು ಶೇ. 20ಕ್ಕೆ ಇಳಿಸಿತು. ಬೀದರಿನ ಸಂಸ್ಥೆಯಾದರೂ ಚಾಮರಾಜನಗರದ ಸಂಸ್ಥೆಯಾದರೂ ಮೊದಲು ದುಡ್ಡು ಇಳಿಯಬೇಕಾದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ. ದೊಡ್ಡ ಸಂಸ್ಥೆ ತನಗೆ ಬಂದದ್ದರಲ್ಲಿ ಹಳ್ಳಿಯ ಸಣ್ಣ ಸಂಸ್ಥೆಗೆ ಪಾಲು ಕೊಡುವಂತಿಲ್ಲ.

ಆಡಳಿತ ವೆಚ್ಚ ಎಂದರೆ ಏನೇನು ಎಂದು ನಿಯಮದಲ್ಲೇ ಪಟ್ಟಿ ಇದೆ. ಬಾಡಿಗೆ, ಕರೆಂಟು, ನೀರು, ಟಪಾಲು, ಲೆಕ್ಕಪತ್ರದ ಖರ್ಚು. ಜೊತೆಗೆ, ದಯವಿಟ್ಟು ಗಮನಿಸಿ, ವರದಿ ಬರೆದು ಸಲ್ಲಿಸುವ ಖರ್ಚು. ವರದಿ ಕೇಳುವವರೂ ಅವರೇ. ವರದಿ ಬರೆಯಲು ಯಾಕಿಷ್ಟು ಖರ್ಚು ಎಂದು ಗದರುವವರೂ ಅವರೇ.

ಸರ್ಕಾರಿ ಅನುದಾನವಾದರೂ ಗೌರವದ್ದು ಎಂದುಕೊಂಡಿದ್ದೆವು. ಗೌರವಧನ ಎಂಬ ಪದ ಇರುವುದೇ ಅಲ್ಲಿ. ಧನ ಇಲ್ಲದಾಗ ಗೌರವವನ್ನೇ ತಿನ್ನಬೇಕು. ಏಪ್ರಿಲಿನ ಕಂತು ನಮ್ಮ ಕೈಗೆ ಬಂದದ್ದು ಡಿಸೆಂಬರಿನಲ್ಲಿ. ಉಳಿದದ್ದು ಮಾರ್ಚ್ ಕೊನೆಯ ವಾರ. ಅದರ ಬೆನ್ನಿಗೇ ಫೋನು: "31ರೊಳಗೆ ಹಣ ಬಳಕೆ ಪ್ರಮಾಣಪತ್ರ ಕಳಿಸ್ರಿ, ಇಲ್ಲಾಂದ್ರ ಮುಂದಿನ ವರ್ಷದ್ದು ಬರಂಗಿಲ್ಲ." ಹನ್ನೊಂದು ತಿಂಗಳು ಮಲಗಿದ್ದ ಕಡತಕ್ಕೆ ಐದು ದಿನದಲ್ಲಿ ಓಡುವ ಹುರುಪು ಎಲ್ಲಿಂದ ಬರುತ್ತದೋ!

ಆ ಹನ್ನೊಂದು ತಿಂಗಳು ಮಕ್ಕಳು ಉಂಡದ್ದು ಯಾರ ಅನ್ನ? ಕಿರಾಣಿ ಅಂಗಡಿಯ ಶೆಟ್ಟರದು. ಉದ್ರಿ. ಅವರು ಯೋಜನೆಯ ಲಾಗ್‌ಫ್ರೇಮ್ ಕೋಷ್ಟಕ ಕೇಳಲಿಲ್ಲ. ಗೋಡೆಗೆ ಲೋಗೊ ಬಳಿಸಲಿಲ್ಲ. ಒಂದು ಹಳೇ ನೋಟ್‌ಬುಕ್ಕು, ಕಿವಿಯಲ್ಲೊಂದು ಪೆನ್ಸಿಲು. ಅಷ್ಟರಲ್ಲೇ ನಮ್ಮ ಇಡೀ ಸಂಸ್ಥೆ ನಡೆಯಿತು. ವಾರ್ಷಿಕ ವರದಿಯ ದಾನಿಗಳ ಪಟ್ಟಿಯಲ್ಲಿ ಶೆಟ್ಟರ ಹೆಸರಿಲ್ಲ. ಅದು ನಮ್ಮದೇ ತಪ್ಪು.

ನಮ್ಮ ತಪ್ಪು ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಬಳಗವೇನು ಸಾಚಾ ಅಲ್ಲ. ಕಾರ್ಮಿಕರ ಹಕ್ಕಿನ ಬಗ್ಗೆ ಕಾರ್ಯಾಗಾರ ಮಾಡಿ, ತಮ್ಮದೇ ಕಾರ್ಯಕರ್ತೆಗೆ ಕನಿಷ್ಠ ವೇತನ ಕೊಡದವರಿದ್ದಾರೆ. ಹದಿನೈದು ಸಾವಿರಕ್ಕೆ ಸಹಿ ಹಾಕಿಸಿ, ಐದು ಸಾವಿರವನ್ನು 'ದೇಣಿಗೆ' ಎಂದು ವಾಪಸು ಕಿತ್ತುಕೊಳ್ಳುವವರೂ ಇದ್ದಾರೆ. ಹಸಿವಿನ ಬಗ್ಗೆ ಬೆಂಗಳೂರಿನ ಸ್ಟಾರ್ ಹೋಟೆಲಿನಲ್ಲಿ ಬಫೆ ಸಮೇತ ಚಿಂತಿಸುವವರನ್ನು ನಾನೇ ನೋಡಿದ್ದೇನೆ. ಪನೀರ್ ಚೆನ್ನಾಗಿತ್ತು. ಇಂಥವರ ದೆಸೆಯಿಂದಲೇ ಎಲ್ಲರ ಮೇಲೂ ಅನುಮಾನ. ಆದರೆ ತಮಾಷೆ ನೋಡಿ, ಅವರ ಲೆಕ್ಕದ ಹಾಳೆಗಳು ಸದಾ ಶುಭ್ರ. ಕೆಂಪಕ್ಷರ ಬೀಳುವುದು ಅಡುಗೆಯವಳ ಸಂಬಳ ಎಂದು ನೇರವಾಗಿ ಬರೆದವನಿಗೆ.

ದಾನಿಗಳು ನಡೆಸುವ ಸಂದರ್ಶನದ ಕೊನೆಗೆ ಒಂದು ಪ್ರಶ್ನೆ ತಪ್ಪದು. "ಒಂದು ವರ್ಷ ನಾವು ಕೊಡ್ತೀವಿ. ಆಮೇಲೆ ನಿಮ್ಮ ಸಸ್ಟೈನಬಿಲಿಟಿ ಪ್ಲಾನ್ ಏನು?" ತಂದೆ ತಾಯಿ ಇಲ್ಲದ ಏಳು ವರ್ಷದ ಮಗು ಒಂದು ವರ್ಷದಲ್ಲಿ ಸ್ವಾವಲಂಬಿ ಆಗಬೇಕು. ನಮ್ಮ ಕಾರ್ಯದರ್ಶಿ ಹಪ್ಪಳ ಮಾರುತ್ತೇವೆ ಎಂದು ಬರೆದರು. ಪೂರ್ಣ ಅಂಕ ಸಿಕ್ಕಿತು.

ಕಂಪನಿ, ಸರ್ಕಾರ ಎಲ್ಲರನ್ನೂ ಬೈದಾಯಿತು. ಈಗ ನಿಮ್ಮ ಸರದಿ.

ಮಗಳ ಹುಟ್ಟುಹಬ್ಬಕ್ಕೆ ಮಕ್ಕಳ ಮನೆಗೆ ಬರುತ್ತೀರಿ. ಅಪ್ಪನ ತಿಥಿಗೂ ಬರುತ್ತೀರಿ. ಒಳ್ಳೆಯದು, ಬನ್ನಿ. ಭಾನುವಾರ ಒಂದೇ ದಿನ ಮೂರು ಕೇಕು, ಎರಡು ಸಲ ಹೋಳಿಗೆ. ಸೋಮವಾರ ಹೊಟ್ಟೆ ಕೆಟ್ಟು ಮಲಗಿದ ಮಕ್ಕಳ ಔಷಧಿಗೆ ದಾನಿಗಳಿಲ್ಲ. ಫ್ಯಾನು ಕೊಡುತ್ತೀರಿ, ರೆಕ್ಕೆಯ ಮೇಲೆ ಅಜ್ಜಿಯ ಹೆಸರು ಬರೆಸುತ್ತೀರಿ. ಬಿಲ್ಲು ಕಟ್ಟದೆ ಕರೆಂಟು ಕಿತ್ತ ದಿನ ಆ ಹೆಸರು ಸ್ಪಷ್ಟವಾಗಿ ಓದಲು ಬರುತ್ತದೆ.

ಹೋದ ತಿಂಗಳು ಲೆಕ್ಕದ ಹುಡುಗಿ ಕೆಲಸ ಬಿಟ್ಟಳು. ಐದು ತಿಂಗಳ ಸಂಬಳ ಬಾಕಿ ಇತ್ತು. ತನ್ನ ಬಾಕಿಯನ್ನೂ ಪೈಸೆ ತಪ್ಪದಂತೆ ಲೆಡ್ಜರಿನಲ್ಲಿ ಬರೆದಿಟ್ಟೇ ಹೋದಳು. ಅವಳ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಲು ಯಾವ ಬಜೆಟ್ಟಿನಲ್ಲೂ ಸಾಲು ಇಲ್ಲ.

ಮುಂದಿನ ಸಲ ಬರುವಾಗ ಕೇಕು ಬೇಡ. ಕಚೇರಿಗೆ ಬಂದು, ಕರೆಂಟ್ ಬಿಲ್ ಎಷ್ಟು ಬಾಕಿ ಇದೆ ಎಂದು ಕೇಳಿ.