ಅಟ್ಟ ಹತ್ತಿದ ವ್ಯಾಕ್ಯೂಮ್ ಕ್ಲೀನರ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಊರಿಗೆ ಹೋದರೂ ಅಲ್ಲೊಬ್ಬರು ಜೋಪಾನಪ್ಪ ಇರುತ್ತಾರೆ. ಆಧಾರ್ ಕಾರ್ಡಿನಲ್ಲಿ ಹೆಸರು ಬೇರೆ ಇರಬಹುದು, ಅದು ಬಿಡಿ. ಗುರುತು ಹಿಡಿಯುವುದು ಸುಲಭ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಮಳೆ ಹನಿಯಲು ಶುರುವಾದರೆ, ಟವೆಲ್ಲನ್ನು ತಲೆಗೆ ಹಾಕಿಕೊಂಡು, ಹೊಸ ಕೊಡೆ ನೆನೆಯದ ಹಾಗೆ ಅದನ್ನು ಶರಟಿನೊಳಕ್ಕೆ ತೂರಿಸಿಕೊಳ್ಳುವವರು ಯಾರೋ, ಅವರೇ. ಅವರ ಸ್ಕೂಟರಿನ ಸೀಟಿಗೆ ಕವರಿದೆ. ಕವರು ಹರಿಯಬಾರದೆಂದು ಅದರ ಮೇಲೆ ಗೋಣಿತಾಟು. ಗೋಣಿತಾಟು ಮಾಸಬಾರದೆಂದು ಕೂರುವ ಮುಂಚೆ ಒಂದು ಹಳೇ ಪಂಚೆ ಹಾಸುತ್ತಾರೆ. ಹೊಸ ಪಂಚೆ ಬೀರುವಿನಲ್ಲಿದೆ, ಕೊಂಡ ದಿನದಿಂದಲೂ.

ಇವರನ್ನು ಜಿಪುಣರೆಂದು ಕರೆದರೆ ಅನ್ಯಾಯವಾಗುತ್ತದೆ. ಜಿಪುಣ ಕೊಳ್ಳುವುದೇ ಇಲ್ಲ. ಜೋಪಾನಪ್ಪನವರು ಕೊಳ್ಳುತ್ತಾರೆ, ಒಳ್ಳೆಯದನ್ನೇ ನೋಡಿ ಕೊಳ್ಳುತ್ತಾರೆ, ಆಮೇಲೆ ಅದನ್ನು ಬಳಕೆಯಿಂದ ಕಾಪಾಡುತ್ತಾರೆ.

ಇದು ಅವರ ಸ್ವಂತ ಚಟವೇನಲ್ಲ, ಸೀಮೆಯ ಕಸುಬು ಕಲಿಸಿದ ಪಾಠ. ಬೇರೆ ಕಡೆ ಕಾಯಿ ಒಡೆದು ಬಿಸಿಲಿಗೆ ಹರವಿ, ನಾಲ್ಕಾರು ದಿನದಲ್ಲಿ ಎಣ್ಣೆ ಗಾಣಕ್ಕೆ ಕಳಿಸುತ್ತಾರೆ. ನಮ್ಮಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹನ್ನೊಂದು ಹನ್ನೆರಡು ತಿಂಗಳು ಮುಟ್ಟದೆ ಬಿಡುವ ರೂಢಿ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅದೇ ತಿಪಟೂರಿನ ಉಂಡೆ ಕೊಬ್ಬರಿ. ಮುಟ್ಟದೆ ಇಟ್ಟದ್ದಕ್ಕೆ ಬೆಲೆ ಬರುವುದನ್ನು ಹುಟ್ಟಿದಾಗಿನಿಂದ ಕಂಡವರಿಗೆ, ಮುಟ್ಟಿದರೆ ಬೆಲೆ ಹೋಗುತ್ತದೆಂಬ ನಂಬಿಕೆ ಬರುವುದು ಸಹಜವೇ. ಸಾಲದ್ದಕ್ಕೆ ಮಾರುಕಟ್ಟೆಯೂ ಅವರ ಪರ ಸಾಕ್ಷಿ ಹೇಳಿಬಿಟ್ಟಿತು. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಹೊರಗಿನ ಬೆಲೆ ಅದಕ್ಕಿಂತ ಕೆಳಗಿದ್ದಾಗ ನಾಫೆಡ್ ಸಾಲಿನಲ್ಲಿ ಊರೇ ನಿಂತಿತ್ತು. ಜೋಪಾನಪ್ಪನವರು ಮಾತ್ರ "ಇರ್ಲಿ ಬುಡಿ" ಅಂದು ಅಟ್ಟದ ಬಾಗಿಲು ಹಾಕಿಕೊಂಡರು. 2025ರಲ್ಲಿ ತಿಪಟೂರು ಹರಾಜಿನಲ್ಲಿ ಬೆಲೆ 20,000 ದಾಟಿತು. ಅಂದಿನಿಂದ ಅವರ ಜೊತೆ ವಾದ ಮಾಡುವವರು ಊರಿನಲ್ಲೇ ಇಲ್ಲ. ಅಷ್ಟೊಂದು ಬೆಲೆ ಬಂದಾಗಲಾದರೂ ಮಾರಿದರೋ ಅಂದರೆ, ಅದೂ ಇಲ್ಲ. "ಇನ್ನೂ ಏರ್ತದೆ, ಇರಿ" ಎಂದರು. ಹರಾಜಿನ ದಿನ ತಪ್ಪದೆ ಎಪಿಎಂಸಿ ಯಾರ್ಡಿಗೆ ಹೋಗಿ ಬೆಲೆ ಕೇಳಿಕೊಂಡು ಬರುತ್ತಾರೆ, ಅಷ್ಟೆ. ಈ ಹರಾಜಿನ ದಿನವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇಂಥವರ ಮನೆಗೆ ವ್ಯಾಕ್ಯೂಮ್ ಕ್ಲೀನರ್ ಬಂದದ್ದು ಮೊಮ್ಮಗುವಿನ ಸೀನಿನಿಂದ. ಅಂಗಳದಲ್ಲಿ ಕಾಯಿ ಸುಲಿದ ಸಿಪ್ಪೆಯ ರಾಶಿ ಬೆಟ್ಟದಂತೆ ಬಿದ್ದಿರುತ್ತದೆ. ಗಾಳಿ ಬಂದರೆ ಅದರ ಕಂದು ಪುಡಿ ನೇರ ನಡುಮನೆಗೆ. ಚಿಕ್ಕನಾಯಕನಹಳ್ಳಿ ಕಡೆಯವರಾದರೆ ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಬೇರೆ. ಬೆಂಗಳೂರಿನ ಕಿರಿಮಗ ಮಗುವಿನ ಸೀನು ಫೋನಿನಲ್ಲೇ ಕೇಳಿ ಯಂತ್ರ ಕಳಿಸಿಕೊಟ್ಟ. ಜೋಪಾನಪ್ಪನವರು ಡಬ್ಬದ ಮೇಲಿನ ಗಮ್‌ಟೇಪನ್ನು ಬ್ಲೇಡಿನಿಂದ ಕೊಯ್ಯಲು ಬಿಡಲಿಲ್ಲ. ಉಗುರಿನಿಂದ ಮೆಲ್ಲಗೆ ಸುಲಿದು, ಟೇಪನ್ನು ಗೋಡೆಗೆ ಅಂಟಿಸಿಟ್ಟರು. ಮತ್ತೆ ಬೇಕಾಗುತ್ತದಲ್ಲ.

ಹಾಗೆ ನೋಡಿದರೆ ಈ ಯಂತ್ರದ ಮೂಲಪುರುಷ ಅವರ ಜಾಯಮಾನದವನೇ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಧೂಳೆಳೆಯುವ ಯಂತ್ರ ಎಷ್ಟು ದೊಡ್ಡದೆಂದರೆ ಅದನ್ನು ಕುದುರೆಗಾಡಿಯ ಮೇಲೆ ಹೇರಿಕೊಂಡು ಬಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯಿಂದ ಒಳಕ್ಕೆ ಬಿಡುತ್ತಿದ್ದರು. ಮನೆಯ ಧೂಳಿಗೆ ಯಂತ್ರ ಕಾಲೇ ಇಡುತ್ತಿರಲಿಲ್ಲ. ಈ ಸಂಗತಿ ಹೇಳಿದಾಗ ಜೋಪಾನಪ್ಪನವರು ತಲೆದೂಗಿ, "ಅದಪ್ಪಾ ಪದ್ಧತಿ" ಎಂದರು. ಆಮೇಲೆ ಅಮೆರಿಕದ ಓಹಿಯೋದಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಕಸಗುಡಿಸುವವನು, ಧೂಳಿಗೆ ಉಬ್ಬಸ ತಡೆಯಲಾರದೆ, ಫ್ಯಾನಿನ ಮೋಟರು, ಪೊರಕೆ ಹಿಡಿ, ದಿಂಬಿನ ಚೀಲ ಸೇರಿಸಿ ಕೈಯಲ್ಲಿ ಹಿಡಿಯುವ ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟೂ ಸಿಕ್ಕಿತು, ಹಕ್ಕು ಹೂವರ್ ಮನೆತನಕ್ಕೆ ಮಾರಾಟವಾಯಿತು. ದಿಂಬಿನ ಚೀಲದ ಮಾತು ಬಂದ ಕೂಡಲೇ ಅವರಿಗೆ ಬೇಸರ. "ಒಳ್ಳೇ ದಿಂಬಿನ ಚೀಲ ಹಾಳು ಮಾಡ್ದ."

ನಮ್ಮ ದೇಶದಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದ್ದು 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್‌ನ ಟೈ ಕಟ್ಟಿದ ಹುಡುಗರು. ಬಾಗಿಲು ತಟ್ಟಿ, ಒಳಗೆ ಬಂದು, ಹಾಸಿಗೆಯ ಧೂಳು ಎಳೆದು ತೋರಿಸುತ್ತಿದ್ದ ಕಾಲ ಹಲವರಿಗೆ ನೆನಪಿರಬೇಕು. ಅಂಥ ಹುಡುಗ ಮನೆಗೆ ಬಂದರೆ ಜೋಪಾನಪ್ಪನಂಥವರು ಕೂರಿಸಿ, ಎಳನೀರು ಕೊಟ್ಟು, ಎಲ್ಲ ಹಾಸಿಗೆಗಳನ್ನೂ ಒಂದೊಂದಾಗಿ ತೋರಿಸಿ, ಕೊನೆಗೆ "ಯೋಚ್ನೆ ಮಾಡಿ ಹೇಳ್ತೀನಪ್ಪ" ಅನ್ನುವವರು.

ಈಗ ಯಂತ್ರ ಸ್ವಂತದ್ದು. ಆದ್ದರಿಂದ ಕಾನೂನು ಬೇರೆ.

ಮೊದಲನೆಯ ಕಾನೂನು: ಯಂತ್ರ ಹಾಕುವ ಮುಂಚೆ ನೆಲವನ್ನು ಕಡ್ಡಿಪೊರಕೆಯಲ್ಲಿ ಚೆನ್ನಾಗಿ ಗುಡಿಸಿರಬೇಕು. ಕಸ ಇದ್ದ ಕಡೆ ಯಂತ್ರ ಹಾಕಿದರೆ ಯಂತ್ರ ಹಾಳಾಗುತ್ತದೆ. ಅಮ್ಮ, ಅಂದರೆ ಅವರ ಮನೆಯಾಕೆ, ಸೊಂಟ ಬಗ್ಗಿಸಿ ಮನೆಯೆಲ್ಲ ಗುಡಿಸಿದ ಮೇಲೆ, ಇವರು ಬಂದು ಬೆರಳಿನಿಂದ ನೆಲ ಒರೆಸಿ ನೋಡಿ, ಒಪ್ಪಿಗೆಯಾದರೆ ಪ್ಲಗ್ ಹಾಕುತ್ತಿದ್ದರು. "ಅಲ್ಲಾ ರೀ, ಕಸ ಎಲ್ಲಾ ನಾನೇ ತೆಗೆದ್ರೆ ಇದು ತೆಗೆಯೋದೇನು?" ಎಂದರೆ, "ಅದು ಮೇಲ್ವಿಚಾರಣೆ ಮಾಡ್ತದೆ ಕಣೇ" ಎಂಬ ಉತ್ತರ. ಆಯುಧಪೂಜೆಯಲ್ಲಿ ಯಂತ್ರಕ್ಕೆ ಮೂರು ಪಟ್ಟೆ ವಿಭೂತಿ. ಗಾಳಿ ಹೊರಬರುವ ಕಿಂಡಿ ಯಾವುದು, ಹಣೆ ಯಾವುದು ಎಂದು ಗೊತ್ತಾಗದೆ ಎರಡಕ್ಕೂ ಬಳಿದರು.

ಆದರೂ ಒಂದು ಮಾತು ಹೇಳಲೇಬೇಕು. ಅವರ ಕಾನೂನಿನಲ್ಲಿ ಅರ್ಧ ಸರಿಯಿತ್ತು. ವಯರು ಹಿಡಿದು ಎಳೆಯದೆ ಪ್ಲಗ್ ಹಿಡಿದೇ ಕೀಳುತ್ತಿದ್ದರು. ಕೊಳವೆಯನ್ನು ಮಡಚಿ ಮುರಿಯುತ್ತಿರಲಿಲ್ಲ. ಒದ್ದೆ ನೆಲಕ್ಕೆ ಹಾಕಲು ಬಿಡುತ್ತಿರಲಿಲ್ಲ. ಒಣಗಸಕ್ಕೆ ಮಾಡಿದ ಯಂತ್ರ ನೀರು ಎಳೆದರೆ ಮೋಟರು ಸುಡುವುದಂತೂ ನಿಜ. ಚೀಲ ತುಂಬುವ ಮುಂಚೆಯೇ ಖಾಲಿ ಮಾಡಿಸುತ್ತಿದ್ದರು. ತುಂಬಲು ಅದರಲ್ಲಿ ಏನೂ ಇರುತ್ತಿರಲಿಲ್ಲ, ಅದು ಬೇರೆ ವಿಷಯ.

ಎಡವಿದ್ದು ವಿಭೂತಿಯಲ್ಲಿ. ಒಂದು ಸೋಮವಾರ ದೇವರಮನೆಯಲ್ಲಿ ವಿಭೂತಿ ತಟ್ಟೆ ಬಿದ್ದು ಗಟ್ಟಿಗಳೆಲ್ಲ ಪುಡಿಪುಡಿಯಾದವು. ವಿಭೂತಿಗೆ ಪೊರಕೆ ಮುಟ್ಟಿಸುವುದುಂಟೆ? ಯಂತ್ರ ತನ್ನಿ ಎಂದರು. ಅವರ ಮನೆಯಲ್ಲಿ ಆ ಯಂತ್ರ ಮಾಡಿದ ಮೊದಲ ನಿಜವಾದ ಕೆಲಸ ಅದು, ಮತ್ತು ಅದು ಮಾಡಬಾರದ ಕೆಲಸ. ಬೂದಿ, ರಂಗೋಲಿ ಪುಡಿ, ಸಿಮೆಂಟು, ಇಂಥ ನವಿರಾದ ಪುಡಿ ಫಿಲ್ಟರಿನ ಕಣ್ಣು ಮುಚ್ಚಿಬಿಡುತ್ತದೆ. ಮನೆಬಳಕೆಯ ಎಷ್ಟೋ ಯಂತ್ರಗಳಲ್ಲಿ ಎಳೆದುಕೊಂಡ ಗಾಳಿಯೇ ಫಿಲ್ಟರು ದಾಟಿ ಬಂದು ಮೋಟರನ್ನು ತಣ್ಣಗಿಡುವುದು. ಆ ಗಾಳಿ ನಿಂತರೆ ಮೋಟರಿಗೆ ಹೊರೆಯಿಲ್ಲದೆ ಓಟ ಜಾಸ್ತಿಯಾಗಿ, ಸದ್ದು ಕೀರಲಾಗಿ, ಒಳಗೊಳಗೇ ಕಾಯುತ್ತದೆ. ಕೀರಲು ಸದ್ದು ಕೇಳಿ ಜೋಪಾನಪ್ಪನವರು, "ನೋಡು, ದೇವರ ಕೆಲ್ಸ ಅಂದ್ರೆ ಎಷ್ಟು ಹುರುಪು ಬಂತು ಇದಕ್ಕೆ" ಎಂದು ಕೈ ಮುಗಿದರು. ಮರುಗಳಿಗೆ ಯಂತ್ರ ನಿಂತಿತು. ಬಿಸಿ ಹೆಚ್ಚಾದರೆ ತಾನೇ ಕರೆಂಟು ಕಡಿದುಕೊಳ್ಳುವ ಏರ್ಪಾಡು ಅದರೊಳಗಿತ್ತು. ತಣ್ಣಗಾದ ಮೇಲೆ ಸಂಜೆ ಮತ್ತೆ ಓಡಿತು. ಆದರೆ ಅಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು: ಅದಕ್ಕೆ ಸುಸ್ತಾಗಿದೆ, ವಿಶ್ರಾಂತಿ ಬೇಕು.

ಹೀಗೆ ಯಂತ್ರ ಡಬ್ಬ ಸೇರಿತು. ಗೋಡೆಯ ಗಮ್‌ಟೇಪು ಕೆಲಸಕ್ಕೆ ಬಂತು. ಡಬ್ಬಕ್ಕೆ ಪ್ಲಾಸ್ಟಿಕ್ಕು, ಅದರ ಮೇಲೆ ಗೋಣಿಚೀಲ, ಬಾಯಿಗೆ ತೆಂಗಿನ ನಾರಿನ ಹಗ್ಗ, ಹಗ್ಗಕ್ಕೆ ಅವರಿಗೆ ಮಾತ್ರ ಬರುವ ಒಂದು ಗಂಟು. ಅಟ್ಟದಲ್ಲಿ ಕಾಯಿಗಳ ಪಕ್ಕದಲ್ಲೇ ಜಾಗ. ಯಾರಾದರೂ ಕೇಳಿದರೆ ತುರುವೇಕೆರೆಯ ಕಡೆ ಕೈ ತೋರಿಸುತ್ತಿದ್ದರು. "ಗಂಗಾಧರೇಶ್ವರನ ಗುಡಿ ನಂದಿ ನೋಡಿದೀರಾ? ಕರಿಕಲ್ಲು. ಎಷ್ಟು ಕಾಲ ಆಯ್ತು, ಹೊಳಪು ಹೋಗೈತಾ? ಯಾಕೇಳಿ? ಯಾರೂ ಬಳಸಿಲ್ಲ." ಕಿರಿಮಗ ಒಮ್ಮೆ, ತಾನೇ ಓಡಾಡಿ ಗುಡಿಸುವ ರೋಬೋ ಬಂದಿದೆ, ಕಳಿಸಲೇ ಅಪ್ಪಾಜಿ ಎಂದು ಕೇಳಿದ. "ಬ್ಯಾಡ. ಓಡಾಡಿದ್ರೆ ಸವೀತದೆ."

ಅಟ್ಟದಲ್ಲಿಟ್ಟ ಕಾಯಿ ಕೊಬ್ಬರಿಯಾಗುತ್ತದೆ. ಅಟ್ಟದಲ್ಲಿಟ್ಟ ಯಂತ್ರ ಗುಜರಿಯಾಗುತ್ತದೆ. ಸೂರಿನ ಕಾವಿಗೆ ರಬ್ಬರು ಗಡುಸಾಗಿ ಬಿರಿಯುತ್ತದೆ, ಪ್ಲಾಸ್ಟಿಕ್ಕು ಸುತ್ತಿದ್ದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ, ಕೊಬ್ಬರಿಗೆ ಬರುವ ಇಲಿ ಕೊಳವೆಯ ರುಚಿಯನ್ನೂ ನೋಡುತ್ತದೆ. ಜೋಪಾನಪ್ಪನವರ ಯಂತ್ರಕ್ಕೆ ಇದ್ಯಾವುದೂ ಆಗಲಿಲ್ಲ. ಇಂದಿಗೂ ಪ್ರತಿ ಆಯುಧಪೂಜೆಗೆ ಅವರು ಅಟ್ಟದಿಂದ ಇಳಿಸಿ, ಗಂಟು ಬಿಚ್ಚಿ, ಸ್ವಿಚ್ ಹಾಕಿದರೆ ಮೊದಲ ದಿನದ ಹಾಗೆ ಗುಂಯ್ ಎನ್ನುತ್ತದೆ. "ಏನ್ ಯಜಮಾನ್ರೇ, ಇನ್ನೂ ಹೊಸದ್ರಂಗೈತಲ್ಲ!" ಎಂದು ಬೀದಿಯವರು ಬೆರಗಾಗುತ್ತಾರೆ. "ಎಲ್ಲಾ ಇಟ್ಕೊಳೋದ್ರಲ್ಲೈತೆ" ಎಂದು ಅವರು ಮೀಸೆ ನೀವಿಕೊಳ್ಳುತ್ತಾರೆ.

ಆಗ ಅಮ್ಮನೂ ಹಿರಿಸೊಸೆಯೂ ಅಡುಗೆಮನೆಯ ಕಡೆ ಮುಖ ತಿರುಗಿಸುತ್ತಾರೆ.

ಸೊಸೆ ತಿಪಟೂರಿನಲ್ಲೇ ಬಿ.ಎಸ್ಸಿ. ಓದಿದವಳು. ಹರಾಜಿನ ದಿನ ಮಾವನವರ ಸ್ಕೂಟರು ಬೀದಿಯ ತಿರುವು ದಾಟಿದ್ದೇ ತಡ, ಕಾಯಿ ಇಳಿಸುವ ಮಂಕರಿಯಲ್ಲಿ ಯಂತ್ರ ಕೆಳಗಿಳಿಯುತ್ತದೆ. ಗಂಟಿನ ಚಿಂತೆಯಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಅಮ್ಮನಿಗೆ ಗಂಡ ಹಾಕಿದ ಗಂಟು ಬಿಚ್ಚಿ, ಮತ್ತೆ ಹಾಗೇ ಹಾಕುವುದು ಬಾರದೇ? ಯಜಮಾನರು ಯಾರ್ಡಿನಲ್ಲಿ ಬೆಲೆ ಕೇಳಿ, ಹೋಟೆಲಿನಲ್ಲಿ ಕಾಫಿ ಕುಡಿದು, ಮಾರದೆ ವಾಪಸು ಬರುವಷ್ಟರಲ್ಲಿ ಮನೆಯೆಲ್ಲ ಸ್ವಚ್ಛ. ಬ್ರಷ್ಷಿಗೆ ಸುತ್ತಿಕೊಂಡ ಕೂದಲು, ನಾರನ್ನು ಅಮ್ಮ ಕತ್ತರಿಯಿಂದ ತುಂಡರಿಸಿ ತೆಗೆಯುತ್ತಾರೆ. ಚೀಲ ಮುಕ್ಕಾಲು ತುಂಬಿದರೆ ಸಾಕು, ಗೊಬ್ಬರದ ಗುಂಡಿಗೆ. ತೊಳೆಯುವ ಫಿಲ್ಟರು ಎರಡಿವೆ. ಒಂದು ಯಂತ್ರದಲ್ಲಿದ್ದರೆ ಇನ್ನೊಂದು ಪಕ್ಕದ ಮನೆಯ ತಾರಸಿಯಲ್ಲಿ ಒಣಗುತ್ತಿರುತ್ತದೆ. ಒದ್ದೆ ಫಿಲ್ಟರು ಹಾಕಿದರೆ ಮೋಟರಿಗೆ ಕೇಡೆಂದು ಸೊಸೆ ಅದನ್ನು ಪೂರಾ ಒಂದು ದಿನ ಬಿಟ್ಟೇ ತರುತ್ತಾಳೆ. ಒಂದು ಸಲ ಒಳಗಿನಿಂದ ಕಿಡಿ ಹಾರಿ ಸುಟ್ಟ ವಾಸನೆ ಬಂತು. ಪಂಪ್‌ಸೆಟ್ ಮೋಟರು ವೈಂಡಿಂಗ್ ಮಾಡುವ ಅಂಗಡಿಯ ಹುಡುಗ ಬಂದು ನೋಡಿ, "ಏನಿಲ್ಲ ಅಕ್ಕಾ, ಮಿಕ್ಸೀಲಿ ಇರೋ ಥರದ್ದೇ ಮೋಟ್ರು, ಕಾರ್ಬನ್ ಸವೆದೈತೆ" ಎಂದು ಅಲ್ಲೇ ಬದಲಾಯಿಸಿಕೊಟ್ಟ. ದುಡ್ಡು ಕರಟ ಮಾರಿದ್ದರಲ್ಲಿ ಹೊಂದಿಸಿದರು. ಸವೆದದ್ದು ಬಳಸಿದ್ದಕ್ಕೇ ಅಲ್ಲವೇ ಎಂದು ಜೋಪಾನಪ್ಪನವರು ಕೇಳಬಹುದಿತ್ತು. ಅವರಿಗೆ ಗೊತ್ತಾಗಲಿಲ್ಲ.

ಮೊಮ್ಮಗುವಿನ ಸೀನು ನಿಂತಿದೆ. ಅದಕ್ಕೆ ಕಾರಣ ದೇವರಮನೆಯ ವಿಭೂತಿ ಎಂದು ಅಜ್ಜನ ನಂಬಿಕೆ. ಯಾರೂ ಎದುರು ಹೇಳಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬರು ಜೋಪಾನಪ್ಪ ಇದ್ದರೆ ದಯವಿಟ್ಟು ವಾದಕ್ಕಿಳಿಯಬೇಡಿ. ಅವರು ಗೆಲ್ಲುತ್ತಾರೆ, ಕೊಬ್ಬರಿ ಬೆಲೆ ತೋರಿಸಿ ಗೆಲ್ಲುತ್ತಾರೆ. ಅದರ ಬದಲು ಹರಾಜು ಯಾವ ದಿನ ಎಂದು ವಿಚಾರಿಸಿ ಇಟ್ಟುಕೊಳ್ಳಿ. ಕೊಬ್ಬರಿ ಇಲ್ಲದವರ ಮನೆಯಾದರೆ ಸಂತೆ, ಪಿಂಚಣಿ, ಮದುವೆ ಏನಾದರೂ ಇದ್ದೇ ಇರುತ್ತದೆ. ಯಂತ್ರ ಇಳಿಸಿ, ಓಡಿಸಿ, ಫಿಲ್ಟರು ತೊಳೆದು ಒಣಗಿಸಿ. ಬೂದಿಗೆ ಮಾತ್ರ ಹಾಕಬೇಡಿ. ಆಮೇಲೆ ಮರೆಯದೆ ಗೋಣಿಚೀಲ ಹೊದಿಸಿ, ಗಂಟು ಅವರು ಹಾಕಿದ ಹಾಗೇ ಹಾಕಿಡಿ.